ಕನ್ನಿಯಮ್ಮ ಹಂಚಿದ ಕೆಂಪು ಮಾತ್ರೆ

ಮದ್ರಾಸಿನ ವೇಳಚೇರಿ ಕೆರೆಯ ಹಿಂದೆ, ಇಲಿ ಹಿಡಿದು ಜೇನು ಕಿತ್ತು ಬದುಕುವ ಇರುಳರ ಹಟ್ಟಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕನ್ನಿಯಮ್ಮ ತಗಡಿನ ಡಬ್ಬಿ ಹಿಡಿದು ಗುಡಿಸಲಿನಿಂದ ಗುಡಿಸಲಿಗೆ ಹೋಗುತ್ತಿದ್ದಾರೆ. ಗಂಜಿ ಕುಡಿದ ಬಸುರಿಗೆ ಒಂದು ಕೆಂಪು ಮಾತ್ರೆ. ನುಂಗಿದಳೋ ಇಲ್ಲವೋ ಎಂದು ಬಾಯಿ ತೆಗೆಸಿ ನೋಡಿಯೇ ಮುಂದಿನ ಬಾಗಿಲು. ಇವತ್ತು ಡಾಕ್ಟರಮ್ಮನ ಜೀಪು ಬರುವ ದಿನ.

ಹಟ್ಟಿಯ ಮಕ್ಕಳೆಲ್ಲ ಮೊದಲು ಬಿದ್ದದ್ದು ಈ ಸೂಲಗಿತ್ತಿಯ ಕೈಗೆ. ಸ್ವಂತ ಮಗಳು ಮಾತ್ರ ಹೆರಿಗೆಯಲ್ಲೇ ಹೋದಳು. "ಮೈಯಲ್ಲಿ ರಕ್ತವೇ ಇಲ್ಲ ಅಂದರು ಆಸ್ಪತ್ರೆಯಲ್ಲಿ. ಅವಳು ಇದ್ದಾಗ ಯಾರೂ ಹೇಳಲಿಲ್ಲ" ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಹೋದ ವರ್ಷ, ೧೯೮೨ರಲ್ಲಿ, ರಕ್ತಹೀನತೆಯ ಅಧ್ಯಯನಕ್ಕೆಂದು ಒಂದು ತಂಡ ಬಂತು. ಅರ್ಧದಷ್ಟು ಮನೆಗಳ ಬಾಗಿಲಿಗೆ ಸುಣ್ಣದ ಗೆರೆ ಎಳೆಯಿತು. ಗೆರೆ ಇದ್ದ ಮನೆಗೆ ರಕ್ತ ಹೆಚ್ಚಿಸುವ ಮಾತ್ರೆ, ಇಲ್ಲದ ಮನೆಗೆ ಬರೀ ಪರೀಕ್ಷೆ, ಎರಡನ್ನೂ ಹೋಲಿಸಿ ನೋಡಲು. ಹಂಚುವ ಕೆಲಸ ಕನ್ನಿಯಮ್ಮನಿಗೆ. ಇಲಿ ಸಿಕ್ಕರೂ ಜೇನು ಸಿಕ್ಕರೂ ಎಲ್ಲ ಒಲೆಗೂ ಪಾಲು ಹಾಕುವ ಹಟ್ಟಿ ಇದು. ಅವರು ಒಂದು ದಿನ ಗೆರೆಯವರಿಗೆ, ಮರುದಿನ ಉಳಿದವರಿಗೆ ಕೊಡತೊಡಗಿದರು.

ಜೀಪು ಬರುತ್ತದೆ. ಡಾಕ್ಟರ್ ವಿನೋದಾ ಮೈಲಾಪೂರಿನ ಕನ್ನಡದವರು. "ನೋಡಿ ಅಕ್ಕ, ರಕ್ತದ ಲೆಕ್ಕ ಎಲ್ಲರಿಗೂ ಒಂದೇ ಥರ ಬರ್ತಾ ಇದೆ. ಸ್ಟಡಿ ಹೋಯ್ತು. ಡಬ್ಬಿ ವಾಪಸ್ ತಾ ಅಂದಿದ್ದಾರೆ ದೊಡ್ಡೋರು" ಎಂದು ನನಗೆ ಹೇಳಿ, ಕನ್ನಿಯಮ್ಮನ ಕಡೆ ತಿರುಗಿ ತಮಿಳಿನಲ್ಲಿ, ಅಜ್ಜಿ ಎನ್ನುವ ಅರ್ಥದಲ್ಲಿ ಆಯಾ ಎಂದು ಕರೆದು ಕೇಳುತ್ತಾರೆ: "ಏನು ಮಾಡಿದೆ ಆಯಾ?"

"ಹಂಚಿದೆ ತಾಯಿ. ಇಲಿ ಹಂಚುವವಳು ಮಾತ್ರೆ ಬಚ್ಚಿಡ್ತೀನಾ?"

"ದಿನ ಬಿಟ್ಟು ದಿನ ಕೊಟ್ಟರೆ ಯಾರ ರಕ್ತ ಏರುತ್ತೆ ಆಯಾ? ಇವಳಿಗೂ ಸಾಲದು, ಅವಳಿಗೂ ಸಾಲದು."

ಕನ್ನಿಯಮ್ಮ ಡಬ್ಬಿ ಎದೆಗವಚಿಕೊಂಡು ನೆಲ ನೋಡುತ್ತಾರೆ. ಒಂಬತ್ತು ತಿಂಗಳ ಬಸುರಿ ಪೊನ್ನಿ, ರೆಪ್ಪೆಯೊಳಗೆ ಬಿಳಿಚಿಕೊಂಡ ಹುಡುಗಿ, ಮುಂದೆ ಬರುತ್ತಾಳೆ. ಅವಳ ಬಾಗಿಲಿಗೆ ಗೆರೆ ಇದೆ. "ನನಗೊಬ್ಬಳಿಗೇ ಪೂರ್ತಿ ಕೊಡೋದಾದರೆ ಬೇಡ ಡಾಕ್ಟರಮ್ಮ. ಪಕ್ಕದವಳು ನೋಡ್ತಾ ಇದ್ರೆ ಗಂಟಲಲ್ಲಿ ಇಳಿಯಲ್ಲ. ತಗೊಂಡು ಹೋಗಿ."

ಕನ್ನಿಯಮ್ಮ ಡಬ್ಬಿ ಚಾಚುತ್ತಾರೆ. ವಿನೋದಾ ಮುಟ್ಟುವುದಿಲ್ಲ. ಪೊನ್ನಿಯ ರೆಪ್ಪೆ ಇಳಿಸಿ ನೋಡುತ್ತಾರೆ. ಕೊನೆಗೆ, "ಡಬ್ಬಿ ಇಲ್ಲೇ ಇರಲಿ. ದಿನಾ ಎಲ್ಲರಿಗೂ ಪೂರ್ತಿ ಕೊಡು. ಸಾಲದ್ದನ್ನ ನಮ್ಮ ಹೆರಿಗೆ ವಾರ್ಡಿನಿಂದ ನಾಳೆಯೇ ತರ್ತೀನಿ. ದೊಡ್ಡೋರ ಬೈಗಳು ನನಗಿರಲಿ. ಆದರೆ ಈ ಹಟ್ಟಿಯನ್ನು ಅಧ್ಯಯನದಿಂದ ಬಿಟ್ಟುಬಿಡ್ತಾರೆ, ಯಾರ ಹೆಸರೂ ಬರೆಯಲ್ಲ" ಎನ್ನುತ್ತಾರೆ.

ಹೆಂಗಸರು ಉಸಿರು ಬಿಡುತ್ತಾರೆ. ಕನ್ನಿಯಮ್ಮನ ಮುಖ ಮಾತ್ರ ಸಡಿಲವಾಗುವುದಿಲ್ಲ. ಜೀಪಿನ ಬಾಗಿಲು ಹಿಡಿದು ನಿಲ್ಲುತ್ತಾರೆ.

"ಬಿಡೋದು ಯಾಕೆ? ನನ್ನ ಮಗಳನ್ನೂ ಯಾರೂ ಬರೆಯಲಿಲ್ಲ. ಇವರನ್ನಾದರೂ ಬರೆದುಕೋ ತಾಯಿ. ಹಂಚಿಕೊಂಡು ತಿನ್ನೋ ಜನ ಅಂತಲೇ ಬರೆದುಕೋ."