ತೊಳೆದುಹೋದ ಗುರುತು

“ಅಮ್ಮಾವ್ರೇ, ಲಾರಿ ಗುದ್ದಿದ ಗುರುತೆಲ್ಲಿ?” ವಿಮೆ ಕಂಪನಿಯಿಂದ ಬಂದವರು ನಮ್ಮ ಕಾರಿಗೆ ಎರಡು ಸುತ್ತು ಹಾಕಿ ಕೇಳಿದರು. ಗೋಣಿಬೀಡಿನಲ್ಲಿ ನಿಲ್ಲಿಸಿದ್ದ ಕಾರಿಗೆ ಪಕ್ಕದ ಎಸ್ಟೇಟಿನ ಮಾಲೀಕರಾದ ದೊರೆಗಳ ಲಾರಿ ಹಿಮ್ಮುಖವಾಗಿ ಬಂದು ಗುದ್ದಿತ್ತು. ಮುಕ್ಕಾದ ವಾಹನಕ್ಕೆ ಸೋಮವಾರದ ಪೂಜೆ ಮಾಡುವುದು ಹೇಗೆಂದು ನಾನು ಕಮ್ಮಾರನಿಂದ ತಗ್ಗು ಬಡಿಸಿ ಸಮ ಮಾಡಿಸಿ, ತೊಳೆದು, ವಿಭೂತಿ ಹಚ್ಚಿಬಿಟ್ಟಿದ್ದೆ. ಒಳಗೆ ರೇಡಿಯೇಟರು ಸೋರುತ್ತಲೇ ಇತ್ತು. ಅದು ಲಾರಿಯಿಂದಲೇ ಆದದ್ದೆಂದು ತೋರಿಸಲು ಏನೂ ಉಳಿದಿರಲಿಲ್ಲ.

“ನಿನ್ನ ಭಕ್ತೀಲಿ ಸಾಕ್ಷೀನೂ ತೊಳ್ದು ಹೋಯ್ತಲ್ಲೇ ಮಾರಾಯ್ತಿ!” ಎಂದರು ನಮ್ಮ ಯಜಮಾನರು.

ವಿಮೆಯವರು ಕಾಗದ ಮಡಚುತ್ತಿದ್ದರು. ಕಾರಿಗೆ ಎಷ್ಟು ಪೆಟ್ಟಾಗಿದೆ ಎಂದು ವಿಚಾರಿಸಲು ಬಂದಿದ್ದ ಆ ಲಾರಿಯ ಡ್ರೈವರ್ ಅಂಗಳದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

“ನಾನೇ ಗುದ್ದಿದ್ದು ಸ್ವಾಮಿ, ಬರ್ಕೊಳ್ಳಿ,” ಎಂದ.

“ದೊರೆಗೆ ಗೊತ್ತಾದ್ರೆ ಕೆಲ್ಸ ಹೋಗುತ್ತಲ್ಲೋ!” ಎಂದರು ವಿಮೆಯವರು.

“ಸುಮ್ನೆ ನಿಂತಿದ್ದ ಕಾರು ಸ್ವಾಮಿ. ಅವ್ರು ಯಾಕೆ ನಷ್ಟ ಅನುಭವಿಸ್ಬೇಕು?” ಎಂದವನೇ ರುಜು ಹಾಕಿದ.

ವಿಮೆ ಹಣ ಬಂದು ರೇಡಿಯೇಟರು ಸರಿಯಾಯಿತು. ಆದರೆ ಅವನ ಕೆಲಸ ಉಳಿಯಲಿ ಎಂದು ದಿನವೂ ಈಶ್ವರನಿಗೆ ಕೈಮುಗಿಯುತ್ತಿದ್ದೆ. ಮೊನ್ನೆ ಮೂಡಿಗೆರೆ ಪೇಟೆಯಲ್ಲಿ ಅದೇ ಲಾರಿ ಹಾದುಹೋಯಿತು. ಸ್ಟೀರಿಂಗ್ ಹಿಡಿದು ಕೂತಿದ್ದವನು ಅವನೇ. ಬೀದಿಯಲ್ಲೇ ನಿಂತು ಇನ್ನೊಮ್ಮೆ ಕೈಮುಗಿದೆ.