ಮಹಾನವಮಿಯ ಬೆಳಿಗ್ಗೆ ಎತ್ತಿಕೊಟ್ಟ ಚೆಲ್ಲೊ

ಮೊನ್ನೆ ಮೇಘಳ ಹಳೆಯ ಚೆಲ್ಲೊ ಪೆಟ್ಟಿಗೆ ತೆರೆದೆ. ಕಮಾನಿಗೆ ತಿಕ್ಕುವ ರಾಳದ ವಾಸನೆ ಇನ್ನೂ ಒಳಗೇ ಉಳಿದಿತ್ತು. ಸ್ವಲ್ಪ ಪೈನ್ ಮರದ ತೊಗಟೆಯಂತೆ, ಸ್ವಲ್ಪ ದೇವರ ಮನೆಯ ಸಾಂಬ್ರಾಣಿಯಂತೆ. ಆ ವಾಸನೆಯ ಹಿಂದೆಯೇ ಅಮೆರಿಕದಲ್ಲಿ ನಾವು ಮಾರಿಬಿಟ್ಟ ನೇಪರ್‌ವಿಲ್ ಮನೆ ಬಂತು, ಮನೆಯ ಹಿಂದೆ ಕಾರೆನ್ ಬಂದರು. ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಡೆನ್ಮಾರ್ಕಿನ ಹೆಂಗಸು. ಮೇಘ, ನಿನಗೆ ಅರ್ಧಂಬರ್ಧ ನೆನಪಿರಬಹುದು. ಆದಿ, ನೀನಾಗ ಅಂಬೆಗಾಲಿಡುತ್ತಿದ್ದೆ. ಅದಕ್ಕೇ ನಿಮ್ಮಜ್ಜಿ ನಾನು ಇಬ್ಬರಿಗೂ ಬರೆಯುತ್ತಿದ್ದೇನೆ. ನಾಗಮಂಗಲದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೆ ಓದು ನಿಲ್ಲಿಸಿದವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ಕಾರೆನ್ ಹುಟ್ಟಿದ್ದು ಕಡಲ ದಡದ ಮೀನುಗಾರರ ಊರಿನಲ್ಲಿ. ಅಪ್ಪ ದೋಣಿ ಕಟ್ಟುವ ಬಡಗಿ. ಚರ್ಚಿನಲ್ಲಿ ಯಾರೋ ಚೆಲ್ಲೊ ನುಡಿಸಿದ್ದನ್ನು ಕೇಳಿ ಬಂದ ಹುಡುಗಿ ತನಗೂ ಅದೇ ಬೇಕೆಂದು ಊಟ ಬಿಟ್ಟು ಕೂತಳಂತೆ. ಕೋಪನ್‌ಹೇಗನ್‌ನಲ್ಲಿ ಕಲಿತು, ಮದುವೆಯಾಗಿ ಅಮೆರಿಕಕ್ಕೆ ಬಂದು, ಡೆಟ್ರಾಯಿಟ್ ಹತ್ತಿರದ ಒಂದು ವಾದ್ಯವೃಂದದಲ್ಲಿ ಹಿಂದಿನ ಸಾಲಿನಿಂದ ಚೆಲ್ಲೊದವರ ಮೊದಲ ಕುರ್ಚಿಯವರೆಗೆ ಬರುವಷ್ಟರಲ್ಲಿ ಅವರ ತಲೆ ನರೆತಿತ್ತು. ಗಂಡ ತೀರಿಕೊಂಡರು. ಆಮೇಲೆ ರಿಸೆಷನ್ ಬಂತು. ಕಾರು ಕಾರ್ಖಾನೆಗಳು ಸೊರಗಿದಂತೆ ಸಂಗೀತಕ್ಕೆ ಬರುತ್ತಿದ್ದ ದೇಣಿಗೆಯೂ ನಿಂತು, ವಾದ್ಯವೃಂದ ಬಾಗಿಲು ಹಾಕಿತು. ಕಾರೆನ್ ನಮ್ಮ ಕಡೆ ಬಂದು ಮಕ್ಕಳಿಗೆ ಪಾಠ ಹೇಳತೊಡಗಿದರು. ಅದೇ ವರ್ಷ ನಿಮ್ಮಪ್ಪನೂ ಕೆಲಸ ಕಳೆದುಕೊಂಡು ಶಾಮ್‌ಬರ್ಗಿನ ಆಫೀಸಿನಿಂದ ತಮ್ಮ ಸಾಮಾನನ್ನು ರಟ್ಟಿನ ಡಬ್ಬಿಯಲ್ಲಿ ಹಿಡಿದು ಮನೆಗೆ ಬಂದಿದ್ದರು.

ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಮೇಘಳ ಪಾಠ ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂರುತ್ತಿದ್ದೆವು. ನನ್ನ ತಿಳಿಸಾರನ್ನು ಅವರು ಸೂಪ್ ಎಂದರೆ ನಾನು ತಿದ್ದುತ್ತಿದ್ದೆ. ಚೆಲ್ಲೊವನ್ನು ನಾನು ದೊಡ್ಡ ಪಿಟೀಲು ಎಂದರೆ ಅವರು ತಿದ್ದುತ್ತಿದ್ದರು.

ಆ ವರ್ಷ ನವರಾತ್ರಿಯ ಸಪ್ತಮಿಯಂದು ಸರಸ್ವತಿಯ ಮುಂದೆ ಪುಸ್ತಕಗಳ ಜೊತೆ ಮೇಘಳ ಪುಟ್ಟ ಚೆಲ್ಲೊ ಇಟ್ಟೆವು. ಗುರುವಿನ ವಾದ್ಯವೂ ಇರಲಿ ಎಂದು ನಿಮ್ಮಮ್ಮ ಕೇಳಿದ್ದಕ್ಕೆ ಕಾರೆನ್ ತಾವೇ ಹೊತ್ತು ತಂದರು. ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ನುಡಿಸುವಂತಿಲ್ಲ ಎಂದಾಗ ತಲೆಬಾಗಿ ಒಪ್ಪಿಕೊಂಡರು. ಅದರ ಮೈಗೆ ಕುಂಕುಮ ಸೋಕದ ಹಾಗೆ, ದೇವರ ಮನೆಯೊಳಗೆ ಇಡುವ ಮೊದಲೇ ನಾನು ಒಂದು ಜರಿ ಶಲ್ಯ ಹೊದಿಸಿದ್ದೆ.

ನವಮಿಯ ಬೆಳಿಗ್ಗೆ ಅವರು ಕೋಟನ್ನೂ ಹಾಕಿಕೊಳ್ಳದೆ ಓಡಿ ಬಂದರು. ಹಳೆಯ ವಾದ್ಯವೃಂದ ಮತ್ತೆ ಒಂದುಗೂಡಿತ್ತು. ಅವತ್ತೇ ಸಂಜೆ ಡೆಟ್ರಾಯಿಟ್ ಹತ್ತಿರ ಮೊದಲ ಕಛೇರಿ, ಕಾರಿನಲ್ಲಿ ಐದಾರು ಗಂಟೆಯ ದಾರಿ. ಮೊದಲ ಕುರ್ಚಿಗೆ ಗೊತ್ತು ಮಾಡಿದ್ದವರು ಜ್ವರದಿಂದ ಮಲಗಿದ್ದರು, ಆಗಷ್ಟೇ ಕಾರೆನ್‌ಗೆ ಫೋನ್ ಬಂದಿತ್ತು. ನಿಮ್ಮಮ್ಮ ನನಗೆ ಕನ್ನಡದಲ್ಲಿ ಹೇಳಿದ್ದು ಅಷ್ಟು. ಆಮೇಲೆ ಕಾರೆನ್ ದೇವರ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಮೆಲ್ಲಗೆ ಇನ್ನೇನೋ ಅಂದರು.

“ಅಜ್ಜಿ, ಶೀ ವಿಲ್ ಸೇ ನೋ,” ಎಂದಳು ಮೇಘ, ಅಳುವ ಹಾಗೆ. “ಶೀ ಪ್ರಾಮಿಸ್ಡ್ ಸರಸ್ವತಿ!”

ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು. ನಮಗೆ ಕೊಟ್ಟ ಮಾತಿಗಾಗಿ ಅವರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಡಲು ಹೊರಟಿದ್ದರು. ಈ ಸಲ ಹೋಗದಿದ್ದರೆ ಆ ವಯಸ್ಸಿನವರನ್ನು ಮತ್ತೆ ಯಾರು ಕರೆಯುತ್ತಾರೆ?

ನಿಮ್ಮಮ್ಮನಿಗೆ ಭಯ. “ಬೇಡಮ್ಮ. ಮೊದಲೇ ಈ ವರ್ಷ ಹೀಗಾಗಿದೆ. ಪೂಜೆಗಿಟ್ಟಿದ್ದನ್ನ ಮಧ್ಯದಲ್ಲೇ ಎತ್ತಿ, ಇನ್ನೇನಾದ್ರೂ ಆದ್ರೆ?”

ನಿಮ್ಮ ತಾತ ಹೋದ ಮೇಲೆ ನಾನು ಕಲಶದ ಹತ್ತಿರ ಹೋದವಳಲ್ಲ, ಬಾಗಿಲಾಚೆಯಿಂದಲೇ ಕೈ ಮುಗಿಯುತ್ತಿದ್ದೆ. ಅವತ್ತು ನನ್ನ ಕಾಲು ತಾನಾಗಿ ಒಳಗೆ ನಡೆಯಿತು. “ನೋಡೇ, ಸರಸ್ವತಿ ತಾನೇ ವೀಣೆ ಕೆಳಗಿಡದೆ ಕೂತಿದಾಳೆ. ಇನ್ನು ಇವರ ಕೈ ಕಟ್ಟಿ ಹಾಕ್ತಾಳಾ? ಆರತಿ ತಟ್ಟೆ ಕೊಡು ಇಲ್ಲಿ,” ಎಂದೆ. ಅಂದದ್ದು ನಾನೇನಾ ಎಂದು ನನಗೇ ಬೆರಗು. ಆರತಿ ಎತ್ತಿ, ಕಲಶವನ್ನು ಉತ್ತರಕ್ಕೆ ಒಂದಿಷ್ಟು ಸರಿಸಿ, ಪೂಜೆ ಮುಗಿಯಿತೆಂದು ದೇವಿಗೆ ಹೇಳಿ, ಚೆಲ್ಲೊವನ್ನು ಎತ್ತಿ ಕಾರೆನ್ ಕೈಗೆ ಕೊಟ್ಟೆ.

“ಕೆಲಸ ಇಲ್ಲದ ಡ್ರೈವರ್ ಒಬ್ಬ ರೆಡಿ ಇದಾನೆ, ನಡೀರಿ,” ಎಂದು ನಿಮ್ಮಪ್ಪ ಕಾರಿನ ಕೀಲಿ ತೆಗೆದುಕೊಂಡರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಕ್ಕದ್ದು. ಆದಿಯನ್ನು ನಿಮ್ಮಮ್ಮ ಮನೆಯಲ್ಲೇ ಇಟ್ಟುಕೊಂಡಳು. ಹಿಂದಿನ ಸೀಟಿನಲ್ಲಿ ಚೆಲ್ಲೊಗೂ ಬೆಲ್ಟ್ ಕಟ್ಟಿ, ಈ ಕಡೆ ನಾನು, ಆ ಕಡೆ ಮೇಘ. ದಾರಿಯುದ್ದಕ್ಕೂ ಕಾರೆನ್ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದರು.

ಆ ಸಂಜೆ ಅವರು ಕಪ್ಪು ಉಡುಪಿನಲ್ಲಿ ಬಂದು ಮೊದಲ ಕುರ್ಚಿಯಲ್ಲಿ ಕೂತರು. ಒಂದು ಕಡೆ ಉಳಿದವರೆಲ್ಲ ನಿಲ್ಲಿಸಿ, ಅವರೊಬ್ಬರೇ ನುಡಿಸಿದರು. ನನಗೆ ಆ ಸಂಗೀತ ಗೊತ್ತಿಲ್ಲ. ಆದರೆ ಸಾರಿನ ಬಟ್ಟಲು ಹಿಡಿದಾಗ ನಡುಗುತ್ತಿದ್ದ ಆ ಕೈ ಅಲ್ಲಿ ನಡುಗಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಪಕ್ಕದಲ್ಲಿದ್ದ ಹೆಂಗಸು ಅವರನ್ನು ತೋರಿಸಿ ಏನೋ ಕೇಳಿದಳು. ಅಪರಿಚಿತರ ಮುಂದೆ ಬಾಯಿ ಬಿಡದ ನಾನು, “ನಮ್ಮವರು” ಎಂದೆ, ಕನ್ನಡದಲ್ಲೇ. ಅವಳು ತಲೆಯಾಡಿಸಿದಳು.

ಕುರ್ಚಿಯನ್ನು ಅವರಿಗೇ ಮರಳಿ ಕೊಟ್ಟರು. ಹಿಮ ಬೀಳುವ ಮೊದಲೇ ಅವರು ಬೇಸ್‌ಮೆಂಟ್ ಖಾಲಿ ಮಾಡಿ ಡೆಟ್ರಾಯಿಟ್‌ಗೆ ಹೋದರು. ಚೆಲ್ಲೊ ಎತ್ತಿಕೊಟ್ಟಾಗ ಅವರು ಹೀಗೆ ಹೊರಟುಹೋಗುತ್ತಾರೆಂದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಕೊಡುತ್ತಿದ್ದೆ. ಬೆರಳು ಆಡುವಷ್ಟು ಕಾಲ ಅಲ್ಲಿ ನುಡಿಸಿ, ಕೊನೆಗೆ ತಮ್ಮ ಕಡಲೂರಿಗೆ ಮರಳಿದರು. ಈಗ ಅಲ್ಲಿಯ ಮಣ್ಣಿನಲ್ಲಿದ್ದಾರೆ.

ಅವರು ಹೋದ ಆ ಚಳಿಗಾಲ ಮಧ್ಯಾಹ್ನವಾದರೆ ಸಾಕು, ಅವರ ಚೆಲ್ಲೊ ಕೇಳಿಬರುತ್ತಿದ್ದ ಬೇಸ್‌ಮೆಂಟಿನ ಕಡೆಯ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು ಕೂರುತ್ತಿದ್ದೆ. “ಅಮ್ಮಾ, ಹೀಟ್ ಎಲ್ಲಾ ಹೊರಗೆ ಹೋಗ್ತಿದೆ,” ಎನ್ನುತ್ತಿದ್ದಳು ನಿಮ್ಮಮ್ಮ.

“ಒಂದು ಗಳಿಗೆ ಇರೇ,” ಎನ್ನುತ್ತಿದ್ದೆ ನಾನು.