ಹದಿನೇಳನೇ ಕೊಕ್ಕೆ

ನಮ್ಮ ಸೋದರಮಾವನನ್ನು ಊರೆಲ್ಲ ‘ಕೊಕ್ಕೆ ಮಾವ’ ಎಂದೇ ಕರೆಯುತ್ತಿತ್ತು. ಅವರ ಕೆಲಸವೇ ಕೊಕ್ಕೆಗಳದ್ದು, ಅದು ಸರಿ. ಆದರೆ ಯಾರು ಏನು ಹೇಳಿದರೂ ಅದಕ್ಕೊಂದು ಕೊಕ್ಕೆ ಹಾಕದೆ ಬಿಡುವ ಆಸಾಮಿಯೂ ಅವರಾಗಿರಲಿಲ್ಲ. ಹತ್ತೇ ನಿಮಿಷದಲ್ಲಿ ಬಂದೆ ಎಂದರೆ, “ಯಾರ ಗಡಿಯಾರದ ಹತ್ತು ನಿಮಿಷ?” ಎನ್ನುವರು. ಮನೆಯಲ್ಲಿ ಛತ್ರಿ, ಸೌಟು, ಹಲ್ಲುಜ್ಜುವ ಬ್ರಷ್ಷು ಎಲ್ಲಕ್ಕೂ ಮೊಳೆ ಹೊಡೆದು ನಂಬರು ಬರೆದಿದ್ದರು. ಅಪ್ಪ ಅಮ್ಮ ಇಲ್ಲದ ನಾನು ಬೆಳೆದದ್ದು ಆ ಮನೆಯಲ್ಲೇ. ನನ್ನ ಛತ್ರಿ ಆರನೆಯದು. ಅದನ್ನು ಐದನೇ ಮೊಳೆಗೆ ತೂಗುಹಾಕಿ ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರ ಹತ್ತಿರ ಅದಕ್ಕೂ ಲೆಕ್ಕವಿತ್ತೇನೋ.

ಊರಿನ ಹೊರಗೆ, ನೂರು ಮೀಟರು ನೆಲದಡಿಯಲ್ಲಿ, ಬಳೆಯ ಹಾಗೆ ಸುತ್ತಿಬರುವ ಸುರಂಗ ಕೊರೆದಿದ್ದರು. ಅದರೊಳಗೆ ಪರಮಾಣುವಿಗಿಂತ ಸಣ್ಣ ಕಣಗಳನ್ನು ಎದುರುಬದುರಾಗಿ ಓಡಿಸಿ, ಡಿಕ್ಕಿ ಹೊಡೆಸಿ, ಒಡೆದಾಗ ಏನು ಹೊರಬರುತ್ತದೆಂದು ವಿಜ್ಞಾನಿಗಳು ನೋಡುವವರಿದ್ದರು. ಕೆಳಗಿಳಿಯುವ ಲಿಫ್ಟಿನ ಬಾಯಲ್ಲೇ ಮಾವನ ಕೋಣೆ. ಗೋಡೆಯ ಮೇಲೊಂದು ಹಲಗೆ, ಹಲಗೆಯಲ್ಲಿ ಮೂವತ್ತೆರಡು ಕೊಕ್ಕೆ, ಒಂದೊಂದರಲ್ಲೂ ಒಂದು ಹಿತ್ತಾಳೆಯ ಕೀಲಿಕೈ. ಇಳಿಯುವವರು ಒಂದು ಕೀಲಿಕೈಯನ್ನು ಜೇಬಿಗಿಟ್ಟುಕೊಂಡು ಇಳಿಯಬೇಕು, ಹತ್ತಿ ಬಂದಮೇಲೆ ಅದೇ ಕೊಕ್ಕೆಗೆ ಹಾಕಬೇಕು. ಯಂತ್ರ ಓಡುವಾಗ ಒಳಗೆ ಸಿಕ್ಕಿಕೊಂಡ ಮನುಷ್ಯ ಬದುಕುವುದಿಲ್ಲ. ಹಾಗಾಗಿ ಮೂವತ್ತೆರಡೂ ಕೊಕ್ಕೆ ತುಂಬುವ ತನಕ ಯಂತ್ರಕ್ಕೆ ಕರೆಂಟೇ ಹರಿಯದಂತೆ ಮಾಡಿದ್ದರು.

ದಿನವೂ ಸಂಜೆ ಮಾವ ಅವನ್ನು ಗಟ್ಟಿಯಾಗಿ ಎಣಿಸುತ್ತಿದ್ದರು. ಊಟದ ಡಬ್ಬಿ ಕೊಡಲು ಹೋದಾಗ ನಾನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆ, “ಒಂದ್ಸಲ ಕಣ್ಣಾಡಿಸಿದ್ರೆ ಸಾಲ್ದಾ ಮಾವ, ಮಗ್ಗಿ ಒಪ್ಪಿಸೋ ಹಾಗೆ ಯಾಕೆ ಕೂಗ್ತೀರಿ?” ಎಂದು ನಕ್ಕಿದ್ದೆ. ಅವತ್ತು ಅವರು ನಗಲಿಲ್ಲ. ಮೊದಲು ದುಡಿಯುತ್ತಿದ್ದ ಗಿರಣಿಯ ಕಥೆ ಹೇಳಿದರು. ಅಲ್ಲಿ ದೊಡ್ಡ ನೀರಿನ ಟ್ಯಾಂಕು ತೊಳೆದಾದ ಮೇಲೆ, ನೀರು ಬಿಡುವ ಮುನ್ನ, ಮಾವ ಟ್ಯಾಂಕಿನ ಬಾಯೊಳಗೆ ತಲೆ ಹಾಕಿ “ಯಾರಾದ್ರೂ ಇದೀರಾ?” ಎಂದು ಕೂಗಿದ್ದರಂತೆ. ಉತ್ತರ ಬರಲಿಲ್ಲ. ಯಾರೂ ಇಲ್ಲ ಎಂದು ಮೇಲಕ್ಕೆ ಹೇಳಿದರು. ಅವರ ಜೊತೆಗಾರ ಒಳಗೆ ತಲೆತಿರುಗಿ ಬಿದ್ದಿದ್ದ.

“ಇದ್ದೋರೆಲ್ಲ ಉತ್ತರ ಕೊಡ್ತಾರೆ ಅಂತ ಏನಿಲ್ಲ ಕಣಮ್ಮ,” ಎಂದರು ಮಾವ. “ಬಾಯಿ ಸುಳ್ಳು ಹೇಳುತ್ತೆ, ಕಿವೀನೂ ಸುಳ್ಳು ಹೇಳುತ್ತೆ. ಕೊಕ್ಕೆ ಹೇಳಲ್ಲ. ಕೊಕ್ಕೆ ಖಾಲಿ ಅಂದ್ರೆ ಒಳಗೆ ಒಂದು ಜೀವ ಇದೆ, ಅಷ್ಟೇ.”

ಯಂತ್ರ ಶುರುವಾಗುವ ದಿನ ಗೊತ್ತಾದದ್ದೇ ತಡ, ಟೀವಿಯವರು ಅಖಾಡಕ್ಕಿಳಿದರು. ಕಣಗಳು ಡಿಕ್ಕಿ ಹೊಡೆದ ಜಾಗದಲ್ಲಿ ಒಂದು ಕಪ್ಪುಕುಳಿ ಹುಟ್ಟುತ್ತದಂತೆ, ಮೊದಲು ಸುರಂಗ, ಆಮೇಲೆ ಊರು, ಆಮೇಲೆ ಭೂಮಿಯನ್ನೇ ನುಂಗುತ್ತದಂತೆ. ಪರದೆಯ ಮೂಲೆಯಲ್ಲಿ ಇಷ್ಟು ದಿನ, ಇಷ್ಟು ಗಂಟೆ ಬಾಕಿ ಎಂದು ಅಂಕಿ ಓಡತೊಡಗಿತು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರಿನ ಹೆದರಿಕೆ ನನಗೆ ಕೌಂಟರಿನಲ್ಲೇ ಕಾಣುತ್ತಿತ್ತು. ನಿದ್ದೆಮಾತ್ರೆ ಕೇಳುವವರು ದಿನದಿನಕ್ಕೆ ಹೆಚ್ಚಾದರು. ಒಬ್ಬ ತಾಯಿ ಕೈಯಲ್ಲಿ ಎರಡು ಮಕ್ಕಳನ್ನು ಹಿಡಿದು ನಿಂತು, “ಚಿಕ್ಕೋರಿಗೆ ಎಷ್ಟು ಕೊಟ್ರೆ ಏನೂ ಗೊತ್ತಾಗಲ್ಲ?” ಎಂದು ಕೇಳಿದಳು. ನಾನು ಅಂಗಡಿಯ ಯಜಮಾನರನ್ನು ಕರೆದೆ. ಅವರು ಆಕೆಯನ್ನು ಕೂರಿಸಿ, ನೀರು ಕೊಟ್ಟು, ಗಂಡನಿಗೆ ಫೋನು ಮಾಡಿ ಕರೆಸಿದರು.

ಜನರ ಸಮಾಧಾನಕ್ಕೆಂದು ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ವಿಜ್ಞಾನಿಯೊಬ್ಬರು ಬಂದು, ಇದಕ್ಕಿಂತ ಜೋರಾದ ಕಣಗಳು ಆಕಾಶದಿಂದ ಕೋಟ್ಯಂತರ ವರ್ಷಗಳಿಂದ ನಮ್ಮ ಮೇಲೆ ಬೀಳುತ್ತಲೇ ಇವೆ, ಭೂಮಿಗೆ ಏನೂ ಆಗಿಲ್ಲ ಎಂದು ಬಿಡಿಸಿ ಹೇಳಿದರು. ನನ್ನ ಪಕ್ಕ ಕೂತಿದ್ದ ಅತ್ತೆ, ಮಾವನ ಹೆಂಡತಿ, ಒಮ್ಮೆ ಛಾವಣಿ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಿಂದಿನಿಂದ ಮೇಷ್ಟ್ರೊಬ್ಬರು ಎದ್ದುನಿಂತು, “ಅಪಾಯ ಇಲ್ವೇ ಇಲ್ಲ ಅಂತ ಬರ್ಕೊಡ್ತೀರಾ?” ಎಂದರು.

“ವಿಜ್ಞಾನದಲ್ಲಿ ಸೊನ್ನೆ ಅಂತ ಯಾವುದಕ್ಕೂ ಹೇಳೋಕಾಗಲ್ಲ. ಲೆಕ್ಕಕ್ಕೆ ಬಾರದಷ್ಟು ಕಡಿಮೆ ಅಂತ ಬರ್ಕೊಡ್ತೀವಿ.”

ಪುಣ್ಯಾತ್ಮ ಸತ್ಯವನ್ನೇ ಹೇಳಿದ. ಆದರೆ ಹೆದರಿದವರಿಗೆ ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಮನೆಯಲ್ಲಿ ಅತ್ತೆಯ ಮಗಳು, ನಾನು ಅಕ್ಕ ಎನ್ನುವವಳು, ಏಳು ತಿಂಗಳ ಬಸುರಿ. ಅಕ್ಕನ ಗಂಡ, ನಮ್ಮ ಭಾವ, ಅದೇ ಸುರಂಗದಲ್ಲಿ ತಣ್ಣೀರಿನ ಪೈಪು ಜೋಡಿಸುವವನು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಾವನ ಕಡೆ ತಿರುಗಿದಳು.

“ಒಂದೇ ಒಂದು ಕೀ, ರೀ. ಜೇಬಲ್ಲಿ ಇಟ್ಕೊಂಡು ಬಂದ್ಬಿಡಿ. ಅದು ಶುರುನೇ ಆಗಲ್ಲ.”

“ಹಾಗಂದ್ರೆ ಒಳಗೆ ಮನುಷ್ಯ ಇದಾನೆ ಅಂತ ನಾನು ಸುಳ್ಳು ಹೇಳಿದ ಹಾಗೆ.”

“ಹೇಳಿ! ಮೊಮ್ಮಗುವಿಗಿಂತ ದೊಡ್ಡದಾ ನಿಮ್ಮ ಸತ್ಯ?”

“ಒಂದ್ಸಲ ಕೊಕ್ಕೆ ಸುಳ್ಳು ಹೇಳ್ತು ಅಂತಾದ್ರೆ, ಆಮೇಲೆ ನಿಜ ಹೇಳಿದ್ರೂ ಯಾರೂ ನಂಬಲ್ಲ. ಅಲ್ಲಿ ಇಳಿಯೋರಲ್ಲಿ ನಿನ್ನ ಅಳಿಯನೂ ಒಬ್ಬ.” ಮಾವ ತಟ್ಟೆ ಬಿಟ್ಟು ಎದ್ದರು. ಅತ್ತೆ ಅತ್ತದ್ದು ಬೀದಿಗೆಲ್ಲ ಕೇಳಿಸಿತು. ಮಾರನೇ ದಿನದಿಂದ ಬೀದಿಯವರೂ ಬಂದು ಅದೇ ರಾಗ ಹಾಡಿದರು. ಮಾವ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಶುರುವಾಗುವ ದಿನ ಹತ್ತೂವರೆಗೆ ಅತ್ತೆ ತಾನೇ ಊಟದ ಡಬ್ಬಿ ಹಿಡಿದು ಕೀಲಿಕೈ ಕೋಣೆಗೆ ಹೋದಳು. ಕೆಲಸಗಾರರು ಕೊನೆಯ ಬಾರಿ ಹತ್ತಿ ಬರುತ್ತಿದ್ದ ಹೊತ್ತು, ಲಿಫ್ಟಿನ ಬಳಿ ನೂಕುನುಗ್ಗಲು. ಮಾವ ಕೈ ತೊಳೆಯಲು ಹೊರಗೆ ಹೋಗಿ ಬಂದದ್ದು ಐದು ನಿಮಿಷ. ಹನ್ನೊಂದಕ್ಕೆ ಎಣಿಸಿದಾಗ ಮೂವತ್ತೊಂದೇ ಇದ್ದವು. ಹದಿನೇಳನೇ ಕೊಕ್ಕೆ ಖಾಲಿ.

ಆ ಐದು ನಿಮಿಷದಲ್ಲಿ ಯಾರಾದರೂ ಮರೆತ ಸಾಮಾನು ತರಲು ಕೀಲಿಕೈ ತೆಗೆದುಕೊಂಡು ಮತ್ತೆ ಇಳಿದಿರಬಹುದು. ಇಲ್ಲವೇ ಅತ್ತೆ ಎತ್ತಿಕೊಂಡಿರಬಹುದು. ಅವಳು ಬೀದಿ ಕೇಳುವಂತೆ ಅತ್ತದ್ದು ಯಂತ್ರದ ಉಸ್ತುವಾರಿ ಅಧಿಕಾರಿಯ ಕಿವಿಗೂ ಬಿದ್ದಿತ್ತು. ಅವರ ಎದುರಿಗೇ ಮಾವ ಮನೆಗೆ ಫೋನು ಮಾಡಿದರು.

“ಮಗಳ ಹೊಟ್ಟೇಲಿರೋ ಕೂಸಿನ ಆಣೆ, ನಾನ್ ಮುಟ್ಟಿಲ್ಲ,” ಎಂದಳು ಅತ್ತೆ. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳ ದನಿ ಒಂದಿಷ್ಟೂ ಅಲುಗಲಿಲ್ಲ.

ಅಧಿಕಾರಿ ನಕ್ಕರಂತೆ. “ಅವರು ಇನ್ನೇನು ಹೇಳ್ತಾರೆ? ಕೀ ಮನೇಲಿದೆ ಅಂತ ಒಂದು ಸಹಿ ಹಾಕಿ. ಡೂಪ್ಲಿಕೇಟ್ ಹಾಕಿ ಶುರು ಮಾಡೋಣ. ಪ್ರಪಂಚವೇ ಕಾಯ್ತಾ ಇದೆ.”

“ಕೊಕ್ಕೆ ಖಾಲಿ ಇದೆ ಸಾರ್. ಒಳಗೆ ಜನ ಇದಾರೆ. ನಾನು ಸಹಿ ಹಾಕಲ್ಲ.”

ಎರಡು ದಿನ ಸುರಂಗದ ಇಂಚಿಂಚನ್ನೂ ಜಾಲಾಡಿದರು. ಹೊರಗೆ ಟೀವಿಯವರಿಗೆ ಸುಗ್ಗಿ. ಯಂತ್ರ ಯಾಕೆ ನಿಂತಿತು, ಏನು ಮುಚ್ಚಿಡುತ್ತಿದ್ದಾರೆ ಎಂದು ಗಂಟಲು ಹರಿದುಕೊಂಡರು. ಒಂದು ಬೀದಿಗೆ ಬೀದಿಯೇ ಬೀಗ ಹಾಕಿಕೊಂಡು ಊರು ಬಿಟ್ಟಿತು. ಸುರಂಗದಲ್ಲಿ ಒಂದು ನರಪಿಳ್ಳೆಯೂ ಸಿಗಲಿಲ್ಲ. ಮೂರನೇ ದಿನ ಬೇರೆ ಕೀಲಿಕೈ ಹಾಕಿ ಯಂತ್ರ ಶುರು ಮಾಡಿದರು. ನಾನು, ಅತ್ತೆ, ಅಕ್ಕ, ಭಾವ ಅಡುಗೆಮನೆಯಲ್ಲಿ ಕೂತೆವು. ಅತ್ತೆ ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ನಾನು ಓದಿದವಳು, ನಾನೂ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು. ಬೇರೇನೂ ಆಗಲಿಲ್ಲ.

ಆದದ್ದು ಮಾವನಿಗೆ. ಅವರನ್ನು ಕೀಲಿಕೈ ಕೋಣೆಯಿಂದ ಎತ್ತಿ ಸೈಕಲ್ ಸ್ಟ್ಯಾಂಡಿಗೆ ಹಾಕಿದರು. ಹೊಸ ನಿಯಮವೂ ಬಂತು. ಇನ್ನು ಮುಂದೆ ಕೀಲಿಕೈ ಕಾಣೆಯಾದರೆ ಒಂದು ಸುತ್ತು ಕೂಗಿ ಹುಡುಕುವುದು, ಸಿಗದಿದ್ದರೆ ಡೂಪ್ಲಿಕೇಟ್ ಹಾಕಿ ಮುಂದುವರಿಯುವುದು. ಆ ಸುದ್ದಿ ಕೇಳಿದ ದಿನ ಮಾವ ಊಟ ಮಾಡಲಿಲ್ಲ. “ಕೂಗಿ ಹುಡುಕ್ತಾರಂತೆ,” ಎಂದು ಎರಡು ಸಲ ಹೇಳಿದರು. ಅತ್ತೆ ತಲೆ ತಗ್ಗಿಸಿ ಕೂಸಿಗೊಂದು ಪುಟ್ಟ ದಿಂಬು ಹೊಲಿಯುತ್ತಿದ್ದಳು.

ಕೂಸು ಹುಟ್ಟಿತು. ಅದಕ್ಕೆ ಆರು ತಿಂಗಳಾದಾಗ, ರಿಪೇರಿಗೆ ನಿಂತಿದ್ದ ಯಂತ್ರವನ್ನು ಒಂದು ಮಧ್ಯಾಹ್ನ ಮತ್ತೆ ಶುರು ಮಾಡುವವರಿದ್ದರು. ಮಾವ ಸ್ಟ್ಯಾಂಡಿನಲ್ಲಿ ಟೋಕನ್ನು ಎಣಿಸುತ್ತಿದ್ದರು. ಕೆಳಗೆ ದುಡಿದವರೆಲ್ಲ ಸೈಕಲ್ಲು ತೆಗೆದುಕೊಂಡು ಹೋಗಿಯಾಗಿತ್ತು. ಒಂದು ಮಾತ್ರ ಉಳಿದಿತ್ತು. ಅದರ ಹ್ಯಾಂಡಲ್ಲಿಗೆ ಕೂಸಿನ ಹಾಲಿನಪುಡಿಯ ಡಬ್ಬಿ ನೇತಾಡುತ್ತಿತ್ತು. ಬೆಳಿಗ್ಗೆ ನಾನೇ ಅಂಗಡಿಯಲ್ಲಿ ಕಟ್ಟಿಕೊಟ್ಟದ್ದು. ಅಷ್ಟರಲ್ಲಿ ಯಂತ್ರ ಶುರುವಾಗುವ ಮುಂಚಿನ ಹತ್ತು ನಿಮಿಷದ ಸೈರನ್ನು ಕೂಗಿತು.

ಅರವತ್ತರ ಮನುಷ್ಯ, ಮಂಡಿನೋವಿನವರು, ಓಡಿದರು. ಹೊಸ ಕಾವಲುಗಾರ ಮೊಬೈಲು ನೋಡುತ್ತ ಕೂತಿದ್ದ.

“ಹನ್ನೊಂದನೇ ಕೀ ಸಿಕ್ಕಿಲ್ಲ, ಡೂಪ್ಲಿಕೇಟ್ ಹಾಕಿದೀವಿ. ಒಂದು ಸುತ್ತು ಕೂಗಿಸಿದ್ವಿ, ಯಾರೂ ಓ ಅನ್ನಲಿಲ್ಲ. ನಿಮ್ಮ ಕಾಲದ್ದೇ ಕಥೆ ಅಜ್ಜ, ಯಾರೋ ಮನೆಗೆ ಎತ್ಕೊಂಡು ಹೋಗಿರ್ತಾರೆ.”

ಮಾವ ಮುಷ್ಟಿಯಿಂದ ಗಾಜು ಒಡೆದು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದರು. ಸೈರನ್ನು ನಿಂತಿತು. ರಕ್ತ ಸುರಿಯುವ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತು, ಸುರಂಗವನ್ನು ಕಣ್ಣಾರೆ ಹುಡುಕುವ ತನಕ ಯಾರನ್ನೂ ಗುಂಡಿಯ ಹತ್ತಿರ ಬಿಡಲಿಲ್ಲ. ಒಂದು ಗಂಟೆಯ ಮೇಲೆ ಭಾವ ಸಿಕ್ಕಿದ. ಜಾರಿಬಿದ್ದ ಪೈಪಿನಡಿ ಕಾಲು ಸಿಕ್ಕಿ, ಸುರಂಗದ ಬದಿಯ ಹಳ್ಳದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ. ಹನ್ನೊಂದನೇ ಕೀಲಿಕೈ ಅವನ ಅಂಗಿಯ ಜೇಬಿನಲ್ಲಿತ್ತು.

ಸಂಜೆ ಅಕ್ಕ ಆಸ್ಪತ್ರೆಯಲ್ಲೇ ಉಳಿದಳು. ಕೂಸು ನನ್ನ ತೊಡೆಯ ಮೇಲೆ ನಿದ್ದೆಹೋಗಿತ್ತು. ಮಾವ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟು ಕೂತಿದ್ದರು. ಅತ್ತೆ ಒಳಗಿನಿಂದ ಕೂಸಿನ ದಿಂಬು ತಂದಳು, ಕತ್ತರಿಯಿಂದ ಹೊಲಿಗೆ ಬಿಚ್ಚಿದಳು, ಹತ್ತಿಯೊಳಗೆ ಕೈ ಹಾಕಿದಳು. ಹಿತ್ತಾಳೆಯ ಕೀಲಿಕೈ. ಅದಕ್ಕೆ ಕಟ್ಟಿದ ಬಿಲ್ಲೆಯ ಮೇಲೆ ಹದಿನೇಳು. ಆರು ತಿಂಗಳು ಕೂಸು ಅದರ ಮೇಲೆ ತಲೆಯಿಟ್ಟು ಮಲಗಿತ್ತು.

“ನನ್ನಿಂದಾನೇ ಆಗಿದ್ದು,” ಎಂದಳು. “ನಾಳೇನೇ ತಗೊಂಡ್ಹೋಗಿ ಕೊಟ್ಬಿಡಿ. ನನ್ನ ಹೆಸರು ಹೇಳಿ. ಜೈಲಿಗೆ ಹಾಕ್ಲಿ.”

ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೂಸು ತೊಡೆಯ ಮೇಲಿಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಮಾವ ಕೀಲಿಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇವತ್ತು ಆ ನಿಯಮ ತೆಗೆದುಹಾಕಿದಾರೆ,” ಎಂದರು ನಿಧಾನವಾಗಿ. “ಇನ್ಮೇಲೆ ಕೊಕ್ಕೆ ಖಾಲಿ ಇದ್ರೆ ಪೂರ್ತಿ ಹುಡುಕ್ತಾರಂತೆ, ಎಷ್ಟು ದಿನ ಆದ್ರೂ. ಇದನ್ನ ಕೊಟ್ರೆ, ನೋಡು, ಅವತ್ತಿನದು ಹೆಂಗಸಿನ ಕಳ್ಳಾಟ ಅಂತಾರೆ. ನಾಳೆ ಇನ್ಯಾರದೋ ಕೊಕ್ಕೆ ಖಾಲಿ ಇದ್ದಾಗ ಮತ್ತೆ ಕೂಗಿ ನೋಡಿ ಸುಮ್ಮನಾಗ್ತಾರೆ.”

ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಒಂದೇ ಒಂದು ಕೀಲಿಕೈ, ಜೇಬಿನಲ್ಲಿ. ಅತ್ತೆ ಅಂದು ಬೇಡಿಕೊಂಡದ್ದೂ ಅಷ್ಟೇ.

ಒಂದು ವಾರಕ್ಕೆ ಅಧಿಕಾರಿ ತಾವೇ ಮನೆಗೆ ಬಂದು, ಕ್ಷಮೆ ಕೇಳಿ, ಮಾವನನ್ನು ಮತ್ತೆ ಕೀಲಿಕೈ ಕೋಣೆಗೆ ಕರೆದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಅವತ್ತಿನ ಹದಿನೇಳರ ವಿಷಯ ಈಗಲೂ ನಂಗೆ ಅರ್ಥ ಆಗಿಲ್ಲ. ನಿಜವಾಗ್ಲೂ ಒಳಗೆ ಯಾರೋ ಇದ್ರು ಅಂತೀರಾ?” ಎಂದು ಕೇಳಿದರು. ಅತ್ತೆ ಬಾಗಿಲ ಹಿಂದೆ ಗೋಡೆ ಹಿಡಿದು ನಿಂತಿದ್ದಳು.

“ಕೊಕ್ಕೆ ಖಾಲಿ ಇತ್ತು ಸಾರ್,” ಎಂದರು ಮಾವ.

ಆ ಹಲಗೆ ಈಗಿಲ್ಲ. ಬೆರಳು ಒತ್ತಿದರೆ ತೆರೆದುಕೊಳ್ಳುವ ಬಾಗಿಲು ಬಂದಿದೆ, ಇನ್ನು ಗುಟ್ಟು ಒಡೆದರೂ ಯಾರಿಗೂ ಅಪಾಯವಿಲ್ಲ, ಅದಕ್ಕೇ ಇಷ್ಟನ್ನೂ ಹೇಳುತ್ತಿದ್ದೇನೆ. ಆದರೆ ಆಮೇಲಿನ ಮೂರು ವರ್ಷ ಮಾವ ಆ ಕೋಣೆಯಲ್ಲಿ ದುಡಿದರು, ಡಬ್ಬಿ ಕೊಡಲು ನಾನು ಹೋಗುತ್ತಲೇ ಇದ್ದೆ. ಎಣಿಸುವ ಹೊತ್ತಿಗೆ ಅವರು ಹಲಗೆಯ ಮುಂದೆ ನಿಲ್ಲುತ್ತಿದ್ದರು. ಮೂವತ್ತೆರಡೂ ಕೊಕ್ಕೆ ತುಂಬಿರುತ್ತಿದ್ದವು. ಎಡಗೈ ಅಂಗಿಯ ಜೇಬನ್ನು ಒತ್ತಿಹಿಡಿದಿರುತ್ತಿತ್ತು. ತುಟಿ ಆಡುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಗಟ್ಟಿಯಾಗಿ ಎಣಿಸುವುದನ್ನು ಅವರು ಬಿಟ್ಟೇಬಿಟ್ಟಿದ್ದರು.